ಬೇಜಾರು ಅಂದರೆ ಬರೀ ಸ್ಯಾಡ್ ಅಲ್ಲ: ಭಾವನೆ, ಸ್ವಭಾವಗಳನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

"ಬೇಜಾರಾಗ್ತಿದೆ" ಎನ್ನುವ ಒಂದೇ ಮಾತನ್ನು ನಾವು ಎಷ್ಟೊಂದು ಕಡೆ ಆಡುತ್ತೇವೆ ನೋಡಿ. ಭಾನುವಾರ ಮಧ್ಯಾಹ್ನ ಮಾಡಲು ಏನೂ ಇಲ್ಲದೆ ಕೂತಾಗ ಬೇಜಾರು. ಗೆಳತಿ ಮದುವೆಗೆ ಕರೆಯಲಿಲ್ಲ ಎಂದು ಬೇಜಾರು. ಪರಿಚಯದವರು ತೀರಿಕೊಂಡ ಸುದ್ದಿ ಕೇಳಿ ಬೇಜಾರು. ಒಂದೇ ಅರ್ಜಿ ಹಿಡಿದು ಒಂದೇ ಕಚೇರಿಗೆ ತಿಂಗಳುಗಟ್ಟಲೆ ಅಲೆದರೂ ಬೇಜಾರು. ಇಂಗ್ಲಿಷಿನಲ್ಲಿ ಮೊದಲನೆಯದು ಬೋರ್ಡ್, ಎರಡನೆಯದು ಹರ್ಟ್, ಮೂರನೆಯದು ಸ್ಯಾಡ್, ನಾಲ್ಕನೆಯದು ಫೆಡ್ ಅಪ್. ನಾಲ್ಕಕ್ಕೂ ಸ್ಯಾಡ್ ಎಂದುಬಿಟ್ಟರೆ ಕೇಳುವವರು ಏನೋ ಸಾವು ನೋವು ಎಂದುಕೊಳ್ಳುತ್ತಾರೆ.

ಸಂತೋಷ ಎಂದರೆ ಹ್ಯಾಪಿ, ಕೋಪ ಎಂದರೆ ಆ್ಯಂಗ್ರಿ ಎಂದು ಎದುರುಬದುರು ಬರೆದು ಬಾಯಿಪಾಠ ಮಾಡಿದ ಪಟ್ಟಿ ಕೈಕೊಡುವುದು ಇಲ್ಲೇ. ಹಾಗಾಗಿ ನಿಘಂಟು ತೆರೆಯುವ ಮೊದಲು ಮನಸ್ಸಿನಲ್ಲಿರುವ ಕನ್ನಡ ಪದಕ್ಕೆ ನಾಲ್ಕು ಪ್ರಶ್ನೆ ಹಾಕಿ. ಇದು ಈ ಹೊತ್ತಿನ ಭಾವನೆಯೋ, ಆ ಮನುಷ್ಯನ ಸ್ವಭಾವವೋ? ಎಷ್ಟು ತೀವ್ರ? ಹೊಗಳುತ್ತಿದ್ದೇನೋ, ತೆಗಳುತ್ತಿದ್ದೇನೋ? ಆ ಇಂಗ್ಲಿಷ್ ಪದದ ನಂತರ ಆಫ್, ವಿತ್, ಅಬೌಟ್ ಥರದ ಯಾವ ಪ್ರಿಪೊಸಿಷನ್ ಬರುತ್ತದೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಪದ ತಾನಾಗಿ ಒಂದೆರಡಕ್ಕೆ ಇಳಿಯುತ್ತದೆ.

ಪದಗಳ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. 1936ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ದೊಡ್ಡದೊಂದು ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ವರ್ಣಿಸುವ 17,953 ಪದಗಳನ್ನು ಹೆಕ್ಕಿ ತೆಗೆದರು. ಅವರೂ ಮೊದಲು ಮಾಡಿದ್ದು ವಿಂಗಡಣೆಯನ್ನೇ: ಸ್ಥಿರವಾದ ಸ್ವಭಾವ ಹೇಳುವ ಪದಗಳು ಒಂದು ಸಾಲು, ಬಂದು ಹೋಗುವ ಮನಸ್ಥಿತಿ ಹೇಳುವವು ಇನ್ನೊಂದು, ಬರೀ ತೀರ್ಪು ಕೊಡುವವು ಮತ್ತೊಂದು, ಎಲ್ಲಿಗೂ ಸೇರದವು ಕೊನೆಯದು. ಸ್ಥಿರ ಸ್ವಭಾವದ ಸಾಲಿಗೆ ಸುಮಾರು 4,500 ಪದ ಬಂದವು. ದಿನನಿತ್ಯದ ಮಾತು, ಕಚೇರಿ, ಸಂದರ್ಶನಕ್ಕೆ ಭಾವನೆಯ 60 ಪದ, ಸ್ವಭಾವದ 60 ಪದ ಗಟ್ಟಿಯಾಗಿ ಬಂದರೆ ಧಾರಾಳವಾಯಿತು. ಅರ್ಧಂಬರ್ಧ ಗೊತ್ತಿರುವ ಐನೂರಕ್ಕಿಂತ ಇದು ಮೇಲು.

"ನನಗೆ" ಇಂದ "ಐ" ಗೆ

ಕನ್ನಡದಲ್ಲಿ ಕೋಪ ಬರುತ್ತದೆ, ಭಯ ಆಗುತ್ತದೆ, ಖುಷಿ ಇದೆ. ಭಾವನೆಯೇ ಕರ್ತೃ, ನಾವು "ನನಗೆ" ಎಂದು ಪಕ್ಕದಲ್ಲಿ ನಿಂತಿರುತ್ತೇವೆ. ಇಂಗ್ಲಿಷಿನಲ್ಲಿ ಮನುಷ್ಯ ಮುಂದೆ ಬರುತ್ತಾನೆ, ಭಾವನೆ ಅವನ ವಿಶೇಷಣವಾಗುತ್ತದೆ. ಕನ್ನಡದ ಕಟ್ಟನ್ನು ಹಾಗೇ ಒಯ್ದರೆ "ಐ ಆ್ಯಮ್ ಹ್ಯಾವಿಂಗ್ ಫಿಯರ್", "ಆ್ಯಂಗರ್ ಈಸ್ ಕಮಿಂಗ್ ಟು ಮಿ" ಎಂಬಂಥ ವಾಕ್ಯಗಳು ಹುಟ್ಟುತ್ತವೆ. ಕನ್ನಡದ ಕ್ರಿಯಾಪದವನ್ನು ನೋಡಿಕೊಂಡು ಹೀಗೆ ಬದಲಿಸಿ.

"ಇದೆ", "ಆಗಿದೆ" ಎಂದಿದ್ದರೆ ಆ್ಯಮ್, ಈಸ್, ಆರ್. ನನಗೆ ಅವನ ಮೇಲೆ ಕೋಪ ಇದೆ: ಐ ಆ್ಯಮ್ ಆ್ಯಂಗ್ರಿ ವಿತ್ ಹಿಮ್.

"ಬಂತು", "ಆಯಿತು", "ಬರುತ್ತೆ" ಎಂದಿದ್ದರೆ ಗೆಟ್ ಅಥವಾ ಗಾಟ್. ಅವರಿಗೆ ಬೇಗ ಕೋಪ ಬರುತ್ತೆ: ಹಿ ಗೆಟ್ಸ್ ಆ್ಯಂಗ್ರಿ ಈಸಿಲಿ. ನನಗೆ ಗಾಬರಿ ಆಯಿತು: ಐ ಗಾಟ್ ಸ್ಕೇರ್ಡ್.

"ತರಿಸಿತು", "ಪಡಿಸಿತು", "ಮಾಡಿತು" ಎಂದಿದ್ದರೆ ಮೇಕ್. ಅವನ ಮಾತು ಸಿಟ್ಟು ತರಿಸಿತು: ಹಿಸ್ ವರ್ಡ್ಸ್ ಮೇಡ್ ಮಿ ಆ್ಯಂಗ್ರಿ. ಇಲ್ಲಿ "ಮೇಡ್ ಮಿ" ಆದ ಮೇಲೆ ನೇರವಾಗಿ ವಿಶೇಷಣ. "ಮೇಡ್ ಮಿ ಟು ಬಿ ಆ್ಯಂಗ್ರಿ", "ಮೇಡ್ ಮಿ ಟು ಫೀಲ್" ಎಂದು ನಡುವೆ "ಟು" ಸೇರಿಸುವುದು ತಪ್ಪು.

"ಅನಿಸ್ತಿದೆ" ಎಂದಿದ್ದರೆ ಫೀಲ್. ಒಬ್ಬಂಟಿ ಅನಿಸ್ತಿದೆ: ಐ ಫೀಲ್ ಲೋನ್ಲಿ. ನಮ್ಮ ಆಡುಮಾತಿನ "ಫೀಲ್ ಆಯ್ತು", "ಅವಳು ಫೀಲ್ ಮಾಡ್ಕೊಂಡ್ಲು" ಎನ್ನುವುದರಲ್ಲಿ ಫೀಲ್ ಎಂದರೆ ನೊಂದುಕೊಳ್ಳುವುದು. ಇಂಗ್ಲಿಷಿನಲ್ಲಿ "ಶಿ ಫೆಲ್ಟ್" ಎಂದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೇ ತುಂಡಾದಂತೆ. ಏನು ಅನಿಸಿತು ಎನ್ನುವುದು ಬರಲೇಬೇಕು. ಶಿ ಫೆಲ್ಟ್ ಹರ್ಟ್, ಶಿ ಫೆಲ್ಟ್ ಬ್ಯಾಡ್.

ಬೋರ್ಡ್, ಬೋರಿಂಗ್: ಕನ್ನಡದ "ಇಸು" ಪ್ರತ್ಯಯವೇ ದಾರಿ ತೋರುತ್ತದೆ

"ಐ ಆ್ಯಮ್ ಬೋರಿಂಗ್" ಎಂದರೆ ನನ್ನ ಜೊತೆ ಕೂತವರಿಗೆ ಆಕಳಿಕೆ ಬರುತ್ತದೆ ಎಂದರ್ಥ. ಬೇಜಾರಾಗಿರುವುದು ನನಗೆ ಎನ್ನಲು "ಐ ಆ್ಯಮ್ ಬೋರ್ಡ್" ಬೇಕು. ಇ-ಡಿ ಮತ್ತು ಐ-ಎನ್-ಜಿ ಕೊನೆಗಳ ಈ ಗೊಂದಲ ವರ್ಷಗಟ್ಟಲೆ ಇಂಗ್ಲಿಷ್ ಕಲಿತವರಲ್ಲೂ ಉಳಿದುಕೊಂಡಿರುತ್ತದೆ. ಕನ್ನಡ ಬಲ್ಲವರಿಗೆ ಮಾತ್ರ ಇದಕ್ಕೊಂದು ಸುಲಭದ ಕೀಲಿ ಇದೆ.

ಹೆದರು, ಹೆದರಿಸು. ದಣಿ, ದಣಿಸು. ನಿರಾಸೆಗೊಳ್ಳು, ನಿರಾಸೆಗೊಳಿಸು. ನಮ್ಮಲ್ಲಿ "ಇಸು" ಸೇರಿದ ಕಡೆ ಇಂಗ್ಲಿಷಿನಲ್ಲಿ ಐ-ಎನ್-ಜಿ; "ಇಸು" ಇಲ್ಲದ ಕಡೆ ಇ-ಡಿ. ಹೆದರಿದ ಮಗು ಫ್ರೈಟನ್ಡ್, ಹೆದರಿಸುವ ಸದ್ದು ಫ್ರೈಟನಿಂಗ್. ದಣಿದ ಕಂಡಕ್ಟರ್ ಟೈರ್ಡ್, ದಣಿಸುವ ಪ್ರಯಾಣ ಟೈರಿಂಗ್. ಗೊಂದಲಗೊಂಡ ಅರ್ಜಿದಾರ ಕನ್‌ಫ್ಯೂಸ್ಡ್, ಗೊಂದಲಗೊಳಿಸುವ ನಮೂನೆ ಕನ್‌ಫ್ಯೂಸಿಂಗ್. ಮನುಷ್ಯರಿಗೆ ಇ-ಡಿ, ವಸ್ತುಗಳಿಗೆ ಐ-ಎನ್-ಜಿ ಎಂದು ಕೆಲವೆಡೆ ಕಲಿಸುತ್ತಾರೆ. ಅದು ಅರ್ಧಸತ್ಯ. ಮನುಷ್ಯನೂ ಬೇಜಾರು ಹಿಡಿಸಬಲ್ಲ, ಆಗ ಅವನು ಬೋರಿಂಗ್. "ಇಸು" ಪರೀಕ್ಷೆ ಎರಡೂ ಕಡೆ ನಿಲ್ಲುತ್ತದೆ.

ಕೆಲವು ಜೋಡಿಗಳು ಈ ಸಾಲಿಗೆ ಬರುವುದಿಲ್ಲ, ಅವನ್ನು ಬೇರೆಯಾಗಿಯೇ ಕಲಿಯಬೇಕು. ಸ್ಕೇರ್ಡ್ ಜೊತೆಗಿರುವುದು ಸ್ಕೇರಿ. ಸ್ಟ್ರೆಸ್ಟ್ ಜೊತೆ ಸ್ಟ್ರೆಸ್‌ಫುಲ್, ಡಿಲೈಟೆಡ್ ಜೊತೆ ಡಿಲೈಟ್‌ಫುಲ್, ಇಂಪ್ರೆಸ್ಟ್ ಜೊತೆ ಇಂಪ್ರೆಸಿವ್.

ಬರೆಯುವಾಗ ಸರಿಯಾಗಿದ್ದರೂ ಮಾತಿನಲ್ಲಿ ಇ-ಡಿ ನುಂಗಿಹೋಗಿ "ಐ ಆ್ಯಮ್ ಕನ್‌ಫ್ಯೂಸ್" ಎಂದು ಕೇಳಿಸುವುದು ಇನ್ನೊಂದು ತೊಂದರೆ. ಈ ಎರಡಕ್ಷರಕ್ಕೆ ಮೂರು ಉಚ್ಚಾರ ಇವೆ. ಕ, ಪ, ಸ, ಶ ಥರದ ಗಡಸು ಸದ್ದಿನ ನಂತರ ಅದು ಟ್: ಶಾಕ್ಟ್, ಸ್ಟ್ರೆಸ್ಟ್, ಎಂಬ್ಯಾರಸ್ಟ್. ಸ್ವರ ಮತ್ತು ಮೆದು ವ್ಯಂಜನಗಳ ನಂತರ ಡ್: ವರೀಡ್, ಅಶೇಮ್ಡ್, ಬೋರ್ಡ್. ಟ ಅಥವಾ ಡ ಸದ್ದಿನ ನಂತರ ಮಾತ್ರ ಪೂರ್ತಿ ಒಂದು ಉಚ್ಚಾರಾಂಶ: ಎಕ್ಸೈಟೆಡ್, ಡಿಸಪಾಯಿಂಟೆಡ್, ಫ್ರಸ್ಟ್ರೇಟೆಡ್. ಎಲ್ಲದಕ್ಕೂ "ಎಡ್" ಹಚ್ಚಿ "ಶಾಕೆಡ್" ಎನ್ನುವುದೂ ತಪ್ಪೇ.

ಎಷ್ಟು ಕೋಪ, ಎಷ್ಟು ಭಯ

ಎರಡನೆಯ ಪ್ರಶ್ನೆ ತೀವ್ರತೆಯದು. ಕನ್ನಡದಲ್ಲಿ "ಸ್ವಲ್ಪ", "ತುಂಬಾ", "ಸಿಕ್ಕಾಪಟ್ಟೆ" ಹಚ್ಚಿ ಏರಿಸುತ್ತೇವೆ. ಇಂಗ್ಲಿಷಿನವರು ಪದವನ್ನೇ ಬದಲಿಸುತ್ತಾರೆ.

ಕೋಪದಲ್ಲಿ ಕೆಳಗಿನ ಮೆಟ್ಟಿಲು ಅನಾಯ್ಡ್, ಇರಿಟೇಟೆಡ್: ಪಕ್ಕದ ಸೀಟಿನವರು ಮೊಬೈಲು ಜೋರಾಗಿ ಹಾಕಿಕೊಂಡಾಗಿನ ಕಿರಿಕಿರಿ. ನಡುವೆ ಆ್ಯಂಗ್ರಿ. ಮೇಲೆ ಫ್ಯೂರಿಯಸ್: ಕಣ್ಣು ಕೆಂಡವಾಗುವಷ್ಟು. ಮ್ಯಾಡ್ ಎಂಬುದು ಅಮೆರಿಕನ್ನರ ಬಾಯಲ್ಲಿ ಕೋಪ; "ಶಿ ಈಸ್ ಮ್ಯಾಡ್ ಅಟ್ ಮಿ" ಎಂದರೆ ಅವಳಿಗೆ ನನ್ನ ಮೇಲೆ ಸಿಟ್ಟಿದೆ ಎಂದಷ್ಟೇ. ಕೋಪಕ್ಕೆ ತಡೆಯೂ ಸೇರಿ ಕೈಕಟ್ಟಿಹಾಕಿದಂತಾದಾಗ ಫ್ರಸ್ಟ್ರೇಟೆಡ್. ಮಾತುಬಿಟ್ಟು ಮೂತಿ ಊದಿಸಿಕೊಂಡು ಕೂತರೆ ಅದು ಮುನಿಸು, ಇಂಗ್ಲಿಷಿನಲ್ಲಿ ಸಲ್ಕಿಂಗ್.

ಭಯದಲ್ಲಿ ತೀವ್ರತೆಯ ಜೊತೆಗೆ ಕಾಲವನ್ನೂ ನೋಡಬೇಕು. ಪರೀಕ್ಷೆ, ವೇದಿಕೆ, ಸಂದರ್ಶನಕ್ಕೆ ಮುಂಚಿನ ಎದೆಬಡಿತ ನರ್ವಸ್. ಮಗಳು ಇನ್ನೂ ಮನೆಗೆ ಬಂದಿಲ್ಲ ಎಂಬ ಚಿಂತೆ ವರೀಡ್. ಅದೇ ಹೆಚ್ಚಾಗಿ ಕೂತಲ್ಲಿ ಕೂರಲಾಗದಂತಾದರೆ ಆ್ಯಂಕ್‌ಶಸ್. ಎದುರಿಗೇ ಅಪಾಯ ಕಂಡಾಗ ಸ್ಕೇರ್ಡ್, ಫ್ರೈಟನ್ಡ್. ಕೈಕಾಲು ಆಡದಂತಾದರೆ ಟೆರಿಫೈಡ್. ಗಾಬರಿಯಲ್ಲಿ ಏನೋ ಮಾಡಿಬಿಡುವುದು ಪ್ಯಾನಿಕ್: ಐ ಪ್ಯಾನಿಕ್ಡ್. ಕಾರಣ ಗೊತ್ತಾಗದ ಕಸಿವಿಸಿಗೆ ಅನೀಸಿ ಎಂಬ ಒಳ್ಳೆಯ ಪದವಿದೆ, ನಮ್ಮವರು ಬಳಸುವುದು ಕಡಿಮೆ.

ಖುಷಿಯಲ್ಲಿ ಪ್ಲೀಸ್ಡ್, ಗ್ಲ್ಯಾಡ್ ಎಂಬವು ಹದವಾದವು. ಡಿಲೈಟೆಡ್, ಥ್ರಿಲ್ಡ್, ಓವರ್‌ಜಾಯ್ಡ್ ಮೇಲಿನವು. ಏನೂ ಬೇಡ, ಇದ್ದದ್ದೇ ಸಾಕು ಎಂಬ ನೆಮ್ಮದಿ ಕನ್‌ಟೆಂಟ್. "ಸದ್ಯ, ಬಚಾವಾದೆ!" ಎನ್ನುವಾಗಿನ ನಿರಾಳಕ್ಕೆ ರಿಲೀವ್ಡ್. ಈ ಕೊನೆಯದನ್ನು ಹ್ಯಾಪಿ ಎಂದು ಹೇಳುವವರೇ ಹೆಚ್ಚು. ಆಸ್ಪತ್ರೆಯಿಂದ ಒಳ್ಳೆಯ ವರದಿ ಬಂದಾಗ ಹ್ಯಾಪಿ ಎಂದರೆ ತಪ್ಪೇನಿಲ್ಲ, ಆದರೆ ಅದಕ್ಕೂ ಮುಂಚೆ ಪಟ್ಟ ಆತಂಕವನ್ನೂ ಸೇರಿಸಿ ಹೇಳುವುದು ರಿಲೀವ್ಡ್ ಮಾತ್ರ.

ಒಂದು ನಿಯಮ ನೆನಪಿಡಿ. ಫ್ಯೂರಿಯಸ್, ಟೆರಿಫೈಡ್, ಡಿಲೈಟೆಡ್, ಡೆವಸ್ಟೇಟೆಡ್ ಇಂಥ ತುತ್ತತುದಿಯ ಪದಗಳೊಳಗೆ "ತುಂಬಾ" ಆಗಲೇ ಸೇರಿದೆ. ಅವುಗಳ ಮುಂದೆ "ವೆರಿ" ಹೊಂದುವುದಿಲ್ಲ, "ಆ್ಯಬ್ಸಲೂಟ್ಲಿ" ಹೊಂದುತ್ತದೆ. ವೆರಿ ಆ್ಯಂಗ್ರಿ, ಆದರೆ ಆ್ಯಬ್ಸಲೂಟ್ಲಿ ಫ್ಯೂರಿಯಸ್. ಯಾವುದು ಎಂದು ಅನುಮಾನ ಬಂದರೆ "ರಿಯಲಿ" ಹಾಕಿ, ಎರಡೂ ಕಡೆ ನಡೆಯುತ್ತದೆ.

ಡಿಪ್ರೆಸ್ಟ್ ಎಂಬ ಪದವನ್ನು ಮಾತ್ರ ಹಗುರವಾಗಿ ಬಳಸಬೇಡಿ. ಒಂದು ದಿನದ ಮಂಕಿಗೆ "ಐ ಆ್ಯಮ್ ಫೀಲಿಂಗ್ ಲೋ" ಅಥವಾ "ಎ ಬಿಟ್ ಡೌನ್" ಸಾಕು. ವೈದ್ಯರು ಖಿನ್ನತೆ ಎಂದು ಗುರುತಿಸುವುದು ಲಕ್ಷಣಗಳು ಕನಿಷ್ಠ 2 ವಾರ, ಹೆಚ್ಚುಕಡಿಮೆ ದಿನವಿಡೀ ಕಾಡಿದಾಗ. ಹಾಗೆ ಆಗುತ್ತಿದ್ದರೆ ಇಂಗ್ಲಿಷ್ ಪದ ಹುಡುಕುತ್ತಾ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಒಡೆದು ನೋಡಬೇಕಾದ ಕನ್ನಡ ಪದಗಳು

ನಾಚಿಕೆ ಮೂರಾಗಿ ಒಡೆಯುತ್ತದೆ. ಹೊಸಬರ ಮುಂದೆ ಬಾಯಿ ಬಿಡದ ಮಗುವಿನದು ಶೈ. ಎಲ್ಲರೆದುರು ಎಡವಿದಾಗ, ಹೆಸರು ಮರೆತಾಗ ಆಗುವ ಮುಜುಗರ ಎಂಬ್ಯಾರಸ್ಟ್. ತಪ್ಪು ಮಾಡಿ ತಲೆ ತಗ್ಗಿಸುವಂಥದ್ದು ಅಶೇಮ್ಡ್. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ಯಾರಾದರೂ "ಐ ಆ್ಯಮ್ ಅಶೇಮ್ಡ್" ಎಂದರೆ ಅಪರಾಧ ಮಾಡಿದವರ ಹಾಗೆ ಕೇಳಿಸುತ್ತದೆ. ಅಲ್ಲಿ ಬೇಕಿರುವುದು ಎಂಬ್ಯಾರಸ್ಟ್, ಇನ್ನೂ ಸರಿಯಾಗಿ ಸೆಲ್ಫ್-ಕಾನ್ಶಸ್, ಅಂದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಸಂಕೋಚ. ಕೇಳಲೋ ಬೇಡವೋ ಎಂಬ ಸಂಕೋಚವಾದರೆ ಹೆಸಿಟಂಟ್.

ಹೊಟ್ಟೆಕಿಚ್ಚು ಎರಡು. ಅವನಿಗೆ ಇದೆ, ನನಗಿಲ್ಲ ಎಂಬುದು ಎನ್ವಿಯಸ್. ನನ್ನದನ್ನು ಇನ್ನೊಬ್ಬರು ಕಿತ್ತುಕೊಂಡಾರು ಎಂಬುದು ಜೆಲಸ್. ಮಾತಿನಲ್ಲಿ ಇಂಗ್ಲಿಷಿನವರೇ ಎರಡಕ್ಕೂ ಜೆಲಸ್ ಎನ್ನುತ್ತಾರೆ, ಹಾಗಾಗಿ ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಹೊಟ್ಟೆಯುರಿಯನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರೆ ಅಸಿಡಿಟಿಯ ಮಾತ್ರೆ ಕೊಡುತ್ತಾರೆ.

"ಅಯ್ಯೋ ಪಾಪ" ಎನ್ನಲು "ಐ ಫೀಲ್ ಸಾರಿ ಫಾರ್ ಹರ್". ಪಿಟಿ ಎಂಬ ಪದದಲ್ಲಿ ಮೇಲಿನಿಂದ ಕೆಳಕ್ಕೆ ನೋಡುವ ದನಿ ನುಸುಳಬಹುದು. ಎದುರಿಗಿದ್ದವರಿಗೆ "ಐ ಪಿಟಿ ಯೂ" ಎಂದರಂತೂ ಅದು ಬೈಗುಳವೇ. ನೋವಿನಲ್ಲಿ ಜೊತೆಯಾಗುವ ಮನಸ್ಸಿನವರು ಸಿಂಪಥೆಟಿಕ್, ಕಂಪ್ಯಾಷನೆಟ್.

ಹಠ ಎನ್ನುವುದಕ್ಕೆ ಮಗುವಿನದಾದರೆ ಸ್ಟಬರ್ನ್, ಸಾಧಕರದಾದರೆ ಡಿಟರ್‌ಮಿನ್ಡ್. ಇದು ಮೂರನೆಯ ಪ್ರಶ್ನೆಗೆ ಸೇರಿದ್ದು, ಅದಕ್ಕೆ ಮುಂದೆ ಬರೋಣ.

ಮೇಲೆ ಎಂದರೆ ಆನ್ ಅಲ್ಲ

ಅವನ ಮೇಲೆ ಕೋಪ, ಅವಳ ಮೇಲೆ ಹೊಟ್ಟೆಕಿಚ್ಚು, ಮಗನ ಬಗ್ಗೆ ಹೆಮ್ಮೆ, ನಾಯಿ ಕಂಡರೆ ಭಯ. ಕನ್ನಡದ "ಮೇಲೆ" "ಆನ್" ಆಗಿ, "ಬಗ್ಗೆ" "ಅಬೌಟ್" ಆಗಿ ಇಳಿದುಬಿಡುತ್ತವೆ. "ಆ್ಯಂಗ್ರಿ ಆನ್ ಮಿ", "ಜೆಲಸ್ ಆನ್ ಹರ್", "ಪ್ರೌಡ್ ಅಬೌಟ್ ಮೈ ಸನ್" ಎಂದು ಕೇಳಿಬರುವುದು ಹೀಗೆ. ಇದಕ್ಕೆ ತರ್ಕ ಹುಡುಕಿ ಪ್ರಯೋಜನವಿಲ್ಲ. ವಿಶೇಷಣವನ್ನು ಅದರ ಪ್ರಿಪೊಸಿಷನ್ ಸಮೇತ ಒಂದೇ ಪದ ಎಂಬಂತೆ ಕಲಿಯುವುದೊಂದೇ ದಾರಿ.

"ಆಫ್" ಗುಂಪು ದೊಡ್ಡದು, ಮೊದಲು ಅದನ್ನೇ ಹಿಡಿಯಿರಿ: ಅಫ್ರೇಡ್ ಆಫ್, ಸ್ಕೇರ್ಡ್ ಆಫ್, ಪ್ರೌಡ್ ಆಫ್, ಜೆಲಸ್ ಆಫ್, ಅಶೇಮ್ಡ್ ಆಫ್, ಟೈರ್ಡ್ ಆಫ್, ಫಾಂಡ್ ಆಫ್. "ಅಬೌಟ್" ಗುಂಪು ಮನಸ್ಸಿನಲ್ಲಿ ಕೊರೆಯುವಂಥವು: ವರೀಡ್ ಅಬೌಟ್, ನರ್ವಸ್ ಅಬೌಟ್, ಎಕ್ಸೈಟೆಡ್ ಅಬೌಟ್, ಅಪ್‌ಸೆಟ್ ಅಬೌಟ್. "ವಿತ್" ಗುಂಪು: ಫೆಡ್ ಅಪ್ ವಿತ್, ಸ್ಯಾಟಿಸ್‌ಫೈಡ್ ವಿತ್, ಪ್ಲೀಸ್ಡ್ ವಿತ್, ಬೋರ್ಡ್ ವಿತ್. ಆ್ಯಂಗ್ರಿ ಎರಡು ಕಡೆ ಸೇರಿದೆ: ಮನುಷ್ಯನ ಮೇಲಾದರೆ ವಿತ್ ಅಥವಾ ಅಟ್, ವಿಷಯಕ್ಕಾದರೆ ಅಬೌಟ್. ಗ್ರೇಟ್‌ಫುಲ್ ಕೂಡ ಜೋಡಿ ಬೇಡುತ್ತದೆ: ಗ್ರೇಟ್‌ಫುಲ್ ಟು ಯೂ, ಫಾರ್ ಯುವರ್ ಹೆಲ್ಪ್. ಸ್ವಭಾವದ ಪದಗಳಲ್ಲಿ ಕೈಂಡ್, ರೂಡ್, ಪೊಲೈಟ್, ಲಾಯಲ್ ಇವೆಲ್ಲ "ಟು" ಹಿಡಿಯುತ್ತವೆ. ಇಂಟರೆಸ್ಟೆಡ್ ಇನ್, ಗುಡ್ ಅಟ್ ಎಂಬೆರಡನ್ನು ಸೇರಿಸಿದರೆ ಆಯಿತು. ಪ್ರಿಪೊಸಿಷನ್ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ಐ-ಎನ್-ಜಿ: ಟೈರ್ಡ್ ಆಫ್ ವೇಟಿಂಗ್, ಗುಡ್ ಅಟ್ ಲಿಸನಿಂಗ್.

ಇನ್ನೊಂದು ಸಣ್ಣ ಕಟ್ಟುಪಾಡು. ಅಫ್ರೇಡ್, ಅಶೇಮ್ಡ್, ಅಲೋನ್, ಗ್ಲ್ಯಾಡ್ ಇವು ಸಾಮಾನ್ಯವಾಗಿ ನಾಮಪದದ ಮುಂದೆ ಕೂರುವುದಿಲ್ಲ. "ದ ಬಾಯ್ ಈಸ್ ಅಫ್ರೇಡ್" ಸರಿ; "ಆ್ಯನ್ ಅಫ್ರೇಡ್ ಬಾಯ್" ತಪ್ಪು, ಅಲ್ಲಿ "ಎ ಫ್ರೈಟನ್ಡ್ ಬಾಯ್" ಬೇಕು.

ಸ್ವಭಾವ ಹೇಳುವಾಗ

"ನಿಮ್ಮ ಹೊಸ ಮ್ಯಾನೇಜರ್ ಹೇಗೆ?" ಎಂದು ಕೇಳಲು "ಹೌ ಈಸ್ ಹಿ?" ಎಂದರೆ ಆರೋಗ್ಯ ವಿಚಾರಿಸಿದಂತಾಗುತ್ತದೆ, "ಫೈನ್" ಎಂಬ ಉತ್ತರ ಬರುತ್ತದೆ. ಸ್ವಭಾವ ಕೇಳುವ ಪ್ರಶ್ನೆ "ವಾಟ್ ಈಸ್ ಹಿ ಲೈಕ್?" ಇಲ್ಲಿನ ಲೈಕ್‌ಗೂ ಇಷ್ಟಕ್ಕೂ ಸಂಬಂಧವಿಲ್ಲ, ಉತ್ತರದಲ್ಲಿ ಅದನ್ನು ತರಬೇಡಿ. "ಹಿ ಈಸ್ ಸ್ಟ್ರಿಕ್ಟ್ ಬಟ್ ಫೇರ್" ಎಂದರೆ ಸಾಕು. "ವಾಟ್ ಡಸ್ ಹಿ ಲೈಕ್?" ಎಂದರೆ ಮಾತ್ರ ಅವರಿಗೆ ಏನು ಇಷ್ಟ ಎಂಬ ಪ್ರಶ್ನೆ.

ಭಾವನೆಯ ಪದ ಮತ್ತು ಸ್ವಭಾವದ ಪದಗಳ ಜೋಡಿಗಳನ್ನು ಒಟ್ಟಿಗೆ ಕಲಿಯುವುದು ಒಳ್ಳೆಯದು. ಇವತ್ತು ಕೋಪದಲ್ಲಿರುವವರು ಆ್ಯಂಗ್ರಿ. ಯಾವಾಗಲೂ ಮೂಗಿನ ತುದಿಯಲ್ಲೇ ಕೋಪ ಇರುವ ಮುಂಗೋಪಿ ಶಾರ್ಟ್-ಟೆಂಪರ್ಡ್. ಇವತ್ತು ನೊಂದವರು ಹರ್ಟ್. ಸಣ್ಣದಕ್ಕೂ ನೊಂದುಕೊಳ್ಳುವವರು ಸೆನ್ಸಿಟಿವ್, ಸ್ವಲ್ಪ ಬೇಸರದಿಂದ ಹೇಳಿದರೆ ಟಚಿ. ಇವತ್ತು ಖುಷಿಯಾಗಿರುವವರು ಹ್ಯಾಪಿ; ಸದಾ ನಗುಮುಖದವರು ಚಿಯರ್‌ಫುಲ್. ಇವತ್ತು ಮಾತಾಡದೆ ಕೂತವರು ಕ್ವೈಯಟ್; ಮಿತಭಾಷಿಗಳು ರಿಸರ್ವ್ಡ್. ಗಳಿಗೆಗೊಂದು ಮನಸ್ಸಿನವರು ಮೂಡಿ. ಒಳ್ಳೆಯ ಮನುಷ್ಯ ಇವತ್ತು ಮಾತ್ರ ಒರಟಾಗಿ ನಡೆದುಕೊಂಡರೆ ಅದಕ್ಕೂ ಒಂದು ಕಟ್ಟು ಇದೆ: "ಹಿ ಈಸ್ ಬೀಯಿಂಗ್ ರೂಡ್". ಬೀಯಿಂಗ್ ಬಿಟ್ಟರೆ ಅವನ ಹುಟ್ಟುಗುಣವೇ ಹಾಗೆ ಎಂದಾಗುತ್ತದೆ.

ಇನ್ನು ಹೊಗಳಿಕೆ, ತೆಗಳಿಕೆ. 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇದನ್ನು ಒಂದು ಕ್ರಿಯಾಪದದ ರೂಪಾವಳಿಯ ಹಾಗೆ ಹೇಳಿದರು: ಐ ಆ್ಯಮ್ ಫರ್ಮ್, ಯೂ ಆರ್ ಆಬ್‌ಸ್ಟಿನೆಟ್, ಹಿ ಈಸ್ ಎ ಪಿಗ್-ಹೆಡೆಡ್ ಫೂಲ್. ನಾನು ದೃಢ, ನೀನು ಹಟಮಾರಿ, ಅವನು ಮೊಂಡುಮುಂಡೇದು ಎನ್ನುವ ಧಾಟಿ. ಗುಣ ಒಂದೇ, ನೋಡುವ ಕಣ್ಣು ಬೇರೆ. ಇಂಥ ಜೋಡಿಗಳನ್ನು ಹೊಗಳಿಕೆಯ ಪದ ಮೊದಲಾಗಿ ಬರೆದಿಡಿ: ಹಿಡಿತದಿಂದ ಖರ್ಚು ಮಾಡುವವರು ಥ್ರಿಫ್ಟಿ, ಜಿಪುಣರು ಸ್ಟಿಂಜಿ. ಆತ್ಮವಿಶ್ವಾಸಿ ಕಾನ್‌ಫಿಡೆಂಟ್, ಜಂಬದವರು ಆ್ಯರೊಗಂಟ್. ತಿಳಿಯುವ ಕುತೂಹಲ ಕ್ಯೂರಿಯಸ್, ಪಕ್ಕದ ಮನೆಯ ಸುದ್ದಿಯ ಕುತೂಹಲ ನೋಸಿ. ಮುಚ್ಚುಮರೆಯಿಲ್ಲದೆ ಹೇಳುವವರು ಫ್ರ್ಯಾಂಕ್, ಮುಖಕ್ಕೆ ಹೊಡೆದಂತೆ ಹೇಳುವವರು ಬ್ಲಂಟ್. ಪ್ರೌಡ್ ಎಂಬ ಪದದಲ್ಲಿ ಹೆಮ್ಮೆಯೂ ಇದೆ, ಗರ್ವವೂ ಇದೆ. "ಪ್ರೌಡ್ ಆಫ್" ಎಂದು ಮುಂದೆ ಏನೋ ಬಂದರೆ ಹೆಮ್ಮೆ, "ಹಿ ಈಸ್ ಪ್ರೌಡ್" ಎಂದು ನಿಂತರೆ ಅನೇಕ ವೇಳೆ ಗರ್ವ. ಕೇಂಬ್ರಿಡ್ಜ್ ಮತ್ತು ಆಕ್ಸ್‌ಫರ್ಡ್‌ನವರ ಕಲಿಯುವವರ ನಿಘಂಟುಗಳಲ್ಲಿ ಇಂಥ ಪದಗಳ ಪಕ್ಕ ಅಪ್ರೂವಿಂಗ್, ಡಿಸಪ್ರೂವಿಂಗ್ ಎಂಬ ಗುರುತು ಇರುತ್ತದೆ. ಅರ್ಥಕ್ಕಿಂತ ಮೊದಲು ಅದನ್ನು ಓದಿ.

ಒಬ್ಬರ ದೋಷ ಹೇಳಲೇಬೇಕಾದಾಗ ಇಂಗ್ಲಿಷಿನವರು ಸುತ್ತುಬಳಸುತ್ತಾರೆ, ಕಚೇರಿಯಲ್ಲಂತೂ ಇದು ಬೇಕೇ ಬೇಕು. "ಶಿ ಈಸ್ ಲೇಜಿ" ಎನ್ನುವ ಬದಲು "ಶಿ ಈಸ್ ನಾಟ್ ವೆರಿ ಹಾರ್ಡ್-ವರ್ಕಿಂಗ್". "ಹಿ ಈಸ್ ಇಂಪೇಶಂಟ್" ಬದಲು "ಹಿ ಕ್ಯಾನ್ ಬಿ ಎ ಬಿಟ್ ಇಂಪೇಶಂಟ್" ಅಥವಾ "ಹಿ ಟೆಂಡ್ಸ್ ಟು ಬಿ". ನಮ್ಮ "ಸ್ವಲ್ಪ ಕೋಪ ಜಾಸ್ತಿ" ಎನ್ನುವಾಗಿನ ಆ "ಸ್ವಲ್ಪ" ಮಾಡುವ ಕೆಲಸವನ್ನೇ ಇಲ್ಲಿ "ಎ ಬಿಟ್" ಮಾಡುತ್ತದೆ.

ವಿರುದ್ಧ ಪದಗಳಿಗೆ ಮೊದಲಿನ ಉಪಸರ್ಗ ಪದದಿಂದ ಪದಕ್ಕೆ ಬದಲಾಗುತ್ತದೆ: ಡಿಸಾನೆಸ್ಟ್, ಡಿಸ್‌ಲಾಯಲ್, ಇಂಪೇಶಂಟ್, ಇಂಪೊಲೈಟ್, ಇಮ್ಮೆಚ್ಯೂರ್, ಇರ್ರೆಸ್ಪಾನ್ಸಿಬಲ್, ಅನ್‌ಕೈಂಡ್, ಅನ್‌ರಿಲಯಬಲ್. ಮೂಲ ಪದದ ಜೊತೆಗೇ ಬರೆದುಕೊಳ್ಳಿ.

ನಮ್ಮೂರಲ್ಲಿ ಒಂದು ಅರ್ಥ, ಹೊರಗೆ ಇನ್ನೊಂದು

ಭಾರತದೊಳಗೆ ಎಲ್ಲರಿಗೂ ಅರ್ಥವಾಗುವ ಕೆಲವು ಪದಗಳು ಲಂಡನ್ನಿನಲ್ಲೋ ಟೆಕ್ಸಸ್ಸಿನಲ್ಲೋ ಬೇರೆಯೇ ಕೇಳಿಸುತ್ತವೆ. ವಿದೇಶಿ ಕಂಪನಿಯ ಸಂದರ್ಶನ, ವಿಶ್ವವಿದ್ಯಾಲಯಕ್ಕೆ ಕಳಿಸುವ ಶಿಫಾರಸು ಪತ್ರ, ಮದುವೆಯ ಪರಿಚಯ ಪತ್ರ ಬರೆಯುವವರು ಇವನ್ನು ಗಮನಿಸಬೇಕು.

ಶ್ರದ್ಧೆಯಿಂದ ಓದುವ ಹುಡುಗಿಯನ್ನು ನಾವು ಸಿನ್ಸಿಯರ್ ಎನ್ನುತ್ತೇವೆ. ಅಲ್ಲಿ ಸಿನ್ಸಿಯರ್ ಎಂದರೆ ಮಾತಿನಲ್ಲಿ ಕಪಟವಿಲ್ಲದವರು. ಶ್ರದ್ಧೆಗೆ ಹಾರ್ಡ್-ವರ್ಕಿಂಗ್, ಡಿಲಿಜೆಂಟ್, ಎಲ್ಲಕ್ಕಿಂತ ಚೆನ್ನಾಗಿ ಕಾನ್ಶಿಎನ್ಶಸ್. ಮನೆವಾರ್ತೆಯ ಹುಡುಗಿ ಎಂಬರ್ಥದ ಹೋಮ್ಲಿ ಅಮೆರಿಕದಲ್ಲಿ "ನೋಡಲು ಅಷ್ಟಕ್ಕಷ್ಟೇ" ಎಂದಾಗುತ್ತದೆ. ಅದನ್ನು ಬಿಟ್ಟೇಬಿಡಿ, ಫ್ಯಾಮಿಲಿ-ಓರಿಯೆಂಟೆಡ್ ಎನ್ನಿ. ಸಿಂಪಲ್ ಮನುಷ್ಯ ಎಂಬುದರಲ್ಲಿ ಬುದ್ಧಿ ಸಾಲದವ ಎಂಬ ಧ್ವನಿ ಇಣುಕುತ್ತದೆ. ಆಡಂಬರವಿಲ್ಲದವರು ಡೌನ್-ಟು-ಅರ್ತ್, ಮಾಡೆಸ್ಟ್. ದೊಡ್ಡವರನ್ನು ಇನ್ನೋಸೆಂಟ್ ಎಂದರೆ ಯಾವ ಆರೋಪದಿಂದ ಎಂಬ ಪ್ರಶ್ನೆ ಏಳುತ್ತದೆ. ಎಲ್ಲರೊಂದಿಗೆ ಹೊಂದಿಕೊಳ್ಳುವ "ಅಡ್ಜಸ್ಟಿಂಗ್" ಸ್ವಭಾವಕ್ಕೆ ಈಸಿ-ಗೋಯಿಂಗ್, ಅಡಾಪ್ಟಬಲ್. "ಮೆಚ್ಯೂರ್ಡ್" ಹುಡುಗ ಅಲ್ಲ, ಮೆಚ್ಯೂರ್. "ಟೆನ್ಷನ್ ತಗೋಬೇಡಿ" ಎನ್ನಲು "ಡೋಂಟ್ ವರಿ"; ನನಗೆ ಟೆನ್ಷನ್ ಎನ್ನಲು "ಐ ಆ್ಯಮ್ ಸ್ಟ್ರೆಸ್ಟ್". ಸೆನ್ಸಿಬಲ್ ಎಂದರೆ ವಿವೇಕಿ, ಸೆನ್ಸಿಟಿವ್ ಎಂದರೆ ಸೂಕ್ಷ್ಮ ಮನಸ್ಸಿನವರು. ಇವೆರಡು ಅದಲುಬದಲಾದರೆ ಪತ್ರದ ಅರ್ಥವೇ ತಿರುಗುತ್ತದೆ.

ಸಂದರ್ಶನದಲ್ಲಿ "ಐ ಆ್ಯಮ್ ಹಾರ್ಡ್-ವರ್ಕಿಂಗ್, ಪಂಕ್ಚುಅಲ್, ಹಾನೆಸ್ಟ್" ಎಂದು ಸಾಲಾಗಿ ಒಪ್ಪಿಸುವುದು ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ಒಂದು ವಿಶೇಷಣ, ಅದರ ಬೆನ್ನಿಗೇ ಒಂದು ಸಾಕ್ಷ್ಯ: "ಐ ಆ್ಯಮ್ ಆರ್ಗನೈಸ್ಡ್. ಐ ರೈಟ್ ಡೌನ್ ಪೆಂಡಿಂಗ್ ವರ್ಕ್ ಎವ್ರಿ ಈವ್ನಿಂಗ್." ದೌರ್ಬಲ್ಯ ಕೇಳಿದರೆ "ಐ ಟೆಂಡ್ ಟು ಬಿ ಇಂಪೇಶಂಟ್ ವಿತ್ ಡಿಲೇಸ್, ಸೋ ಐ ಸೆಟ್ ಅರ್ಲಿ ಡೆಡ್‌ಲೈನ್ಸ್" ಎಂಬ ಅಳತೆ ಸರಿ. ಎರಡು ಗುಣ, ಎರಡು ಸಾಕ್ಷ್ಯ, ಒಂದು ದೌರ್ಬಲ್ಯ ಸಿದ್ಧವಿರಲಿ. ಹಾಗೆಯೇ ಆ ಹಾನೆಸ್ಟ್ ಎಂಬುದರಲ್ಲಿ ಹ ಇಲ್ಲ: ಆನೆಸ್ಟ್, ಅದಕ್ಕೂ ಮೊದಲು ಬರುವುದು "ಎ" ಅಲ್ಲ, "ಆ್ಯನ್".

ಪುಸ್ತಕ ಮತ್ತು ರೂಢಿ

ಅಕಾರಾದಿಯಾಗಿ ಬರೆದ ಪಟ್ಟಿ ನೆನಪಿನಲ್ಲಿ ನಿಲ್ಲುವುದಿಲ್ಲ. ಪದಗಳಿಗೆಂದೇ ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಭಾವನೆಗಳಿಗೆ ಪುಟ ಹಂಚಲು ನಾಟ್ಯಶಾಸ್ತ್ರದ ಭರತ ಹೇಳಿದ ಎಂಟು ಸ್ಥಾಯಿಭಾವಗಳು, ಅಂದರೆ ನೆಲೆನಿಲ್ಲುವ ಮೂಲಭಾವಗಳು, ಬಹಳ ಒಳ್ಳೆಯ ಚೌಕಟ್ಟು: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ಒಂದೊಂದಕ್ಕೆ ಒಂದು ಪುಟ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಮೂಲಭಾವಗಳೆಂದು ಗುರುತಿಸಿದ ಆರರಲ್ಲಿ ಕೋಪ, ಜುಗುಪ್ಸೆ, ಭಯ, ದುಃಖ, ವಿಸ್ಮಯ ಎಂಬ ಐದು ಇಲ್ಲಿಯೂ ಇವೆ, ಆರನೆಯದು ಸಂತೋಷ. ಸ್ವಭಾವದ ಪದಗಳಿಗೆ ಪುಸ್ತಕದ ಹಿಂಬದಿಯಿಂದ ಪುಟ ತೆರೆದು ಎಡಕ್ಕೆ ಹೊಗಳಿಕೆ, ಬಲಕ್ಕೆ ತೆಗಳಿಕೆ.

ಪ್ರತಿ ಪದಕ್ಕೆ ಇಷ್ಟು ಬರೆಯಿರಿ: ಪದ, ಪ್ರಿಪೊಸಿಷನ್, ಒತ್ತು ಬೀಳುವ ಜಾಗಕ್ಕೆ ಗೆರೆ, ನಿಮ್ಮ ಮನೆ ಅಥವಾ ಕೆಲಸದ ಬಗ್ಗೆ ಒಂದು ಪೂರ್ತಿ ವಾಕ್ಯ. ಕನ್ನಡ ಅರ್ಥದ ಬದಲು ಕನ್ನಡ ಸಂದರ್ಭ ಬರೆಯುವುದು ಮೇಲು. ರಿಲೀವ್ಡ್ ಪಕ್ಕ "ನಿರಾಳ" ಎನ್ನುವುದಕ್ಕಿಂತ "ಕೊನೇ ಬಸ್ ಸಿಕ್ಕಾಗ" ಎಂದರೆ ಮರೆಯುವುದಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಹುಡುಕಲು ವಿ. ಕೃಷ್ಣ ಅವರ ಅಲರ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅಲ್ಲಿ ಸಿಕ್ಕ ಪದವನ್ನು ನೇರವಾಗಿ ಬಳಸದೆ ಇಂಗ್ಲಿಷ್ ನಿಘಂಟಿನಲ್ಲಿ ಉದಾಹರಣೆ ವಾಕ್ಯ ನೋಡಿಯೇ ಪುಸ್ತಕಕ್ಕೆ ಇಳಿಸಿ. 1894ರ ಕಿಟೆಲ್ ನಿಘಂಟಿನ ಕನ್ನಡ ಅಮೂಲ್ಯ, ಇಂಗ್ಲಿಷ್ ಮಾತ್ರ ಆ ಕಾಲದ್ದು.

ವಾರಕ್ಕೆ 8 ಪದ ಸಾಕು. ಮರುದಿನ, ಮೂರನೆಯ ದಿನ, ವಾರದ ಬಳಿಕ, ಮೂರು ವಾರದ ಬಳಿಕ ತಿರುವಿ ಹಾಕಿ. ಪದ ಮುಚ್ಚಿ ಸಂದರ್ಭ ನೋಡಿ ಹೇಳಿ. ರಾತ್ರಿ ಮಲಗುವ ಮುಂಚೆ ಮೂರು ವಾಕ್ಯ: ಏನಾಯಿತು, ಏನನಿಸಿತು, ಯಾಕೆ. ಹ್ಯಾಪಿ, ಸ್ಯಾಡ್, ಆ್ಯಂಗ್ರಿ, ಗುಡ್, ನೈಸ್ ಎಂಬ ಐದು ಪದ ಆ ವಾಕ್ಯಗಳಲ್ಲಿ ನಿಷಿದ್ಧ ಎಂದುಕೊಂಡರೆ ಕೈ ತಾನಾಗಿ ಬೇರೆ ಪದಕ್ಕೆ ಹೋಗುತ್ತದೆ.

ವಾರಕ್ಕೊಮ್ಮೆ ನಿಮಗೆ ಗೊತ್ತಿರುವ ಒಬ್ಬರ ಸ್ವಭಾವವನ್ನು ಒಂದು ನಿಮಿಷ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕೇಳಿ. ಇ-ಡಿ ಕೇಳಿಸಿತೇ, "ಆನ್" ನುಸುಳಿತೇ ಎಂದು ಮೊದಲು ನೋಡಿ, ಆಮೇಲೆ ಉಚ್ಚಾರ. ನಮ್ಮವರು ಹೆಚ್ಚು ತಪ್ಪುವುದು ಇವುಗಳಲ್ಲಿ: ಡಿಟರ್‌ಮೈಂಡ್ ಅಲ್ಲ, ಡಿಟರ್‌ಮಿನ್ಡ್. ಜೀಲಸ್ ಅಲ್ಲ, ಜೆಲಸ್. ಆ್ಯಂಕ್‌ಶಸ್ ಸರಿ, ಆದರೆ ಅದರ ನಾಮಪದ ಆ್ಯಂಗ್‌ಜೈಅಟಿ. ಲೋಕ ತಿಳಿಯದ ಮುಗ್ಧ ಎಂಬರ್ಥದ ಪದ ನೈವ್ ಅಲ್ಲ, ನೈಈವ್. ಕರೇಜಸ್ ಎನ್ನುವಾಗ ಒತ್ತು "ರೇ" ಮೇಲೆ, ಎಂಬ್ಯಾರಸ್ಟ್ ಎನ್ನುವಾಗ "ಬ್ಯಾ" ಮೇಲೆ, ತೃಪ್ತಿ ಎಂಬರ್ಥದ ಕನ್‌ಟೆಂಟ್ ಎನ್ನುವಾಗ "ಟೆಂಟ್" ಮೇಲೆ. ಅದೇ ಒತ್ತು ಮೊದಲಿಗೆ ಬಂದು ಕಾಂಟೆಂಟ್ ಎಂದಾದರೆ ಪುಸ್ತಕದ ಒಳಗಿನ ವಿಷಯ.